ಫ್ರಿಜ್ಜಿನ ಗ್ಯಾಸ್ ಖರ್ಚಾಗುತ್ತದೆಯೇ? ಗುಂಡ್ಲುಪೇಟೆ ಸೀಮೆಯ ಒಂದು ನಂಬಿಕೆ ಕುರಿತು

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಮನೆಗಳಲ್ಲಿ ಶಿವರಾತ್ರಿ ಕಳೆದು ಬಿಸಿಲು ಏರಿದೊಡನೆ ಒಂದು ಮಾತು ಕೇಳಿಬರುತ್ತದೆ: ‘ಫ್ರಿಜ್ಜು ಕೂಲಿಂಗ್ ಬರ್ತಿಲ್ಲ, ಗ್ಯಾಸ್ ಮುಗಿದಿರ್ಬೇಕು.’ ಒಲೆಯ ಸಿಲಿಂಡರಿನಂತೆ ಫ್ರಿಜ್ಜಿನ ಗ್ಯಾಸೂ ದಿನದಿನಕ್ಕೆ ಸವೆಯುತ್ತದೆ, ಕೆಲವು ವರ್ಷಕ್ಕೊಮ್ಮೆ ತುಂಬಿಸಬೇಕು ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಯಂತ್ರದ ರಚನೆಯನ್ನು ನೋಡಿದರೆ ಈ ನಂಬಿಕೆಗೆ ಆಧಾರ ಸಿಗುವುದಿಲ್ಲ. ಇದರಿಂದ ಬಡವರ ಮನೆಯ ಹಣ ಸುಮ್ಮನೆ ಹೋಗುತ್ತದೆ. ಆದ್ದರಿಂದ ವಿಷಯವನ್ನು ಬುಡದಿಂದ ಪರಿಶೀಲಿಸುವುದು ಅಗತ್ಯವೆನಿಸಿತು.

ಮಣ್ಣಿನ ಮಡಕೆಯಿಂದ ಶುರುಮಾಡೋಣ. ಮಡಕೆಯ ಮೈಯಲ್ಲಿ ಜಿನುಗಿದ ನೀರು ಆವಿಯಾಗುವಾಗ ಒಂದು ಕಿಲೋಗೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಮಾರ್ಚ್ ತಿಂಗಳ ಒಣಗಾಳಿಗೆ ಮಡಕೆ ಚೆನ್ನಾಗಿ ತಂಪಾಗುತ್ತದೆ. ಆಷಾಢದ ತೇವದ ಗಾಳಿಗೆ ಅಷ್ಟು ಆಗುವುದಿಲ್ಲ. ಫ್ರಿಜ್ಜು ತಂಪು ಮಾಡುವುದೂ ಇದೇ ನಿಯಮದಿಂದ. ಆದರೆ ಮಡಕೆಯ ಆವಿ ಗಾಳಿಗೆ ಸೇರಿ ಹೋಗುವುದರಿಂದ ದಿನಾ ನೀರು ತುಂಬಬೇಕು. ಫ್ರಿಜ್ಜಿನಲ್ಲಿ ಆವಿಯನ್ನು ಹೊರಗೆ ಬಿಡುವುದಿಲ್ಲ. ಹಿಡಿದು, ಒತ್ತಿ, ಮತ್ತೆ ದ್ರವ ಮಾಡಿ, ಬಂದ ದಾರಿಗೇ ಕಳಿಸುತ್ತಾರೆ. ಜೇಕಬ್ ಪರ್ಕಿನ್ಸ್ 1834ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಯಂತ್ರದ ತಿರುಳು ಇದೇ. 1958ರಲ್ಲಿ ಗೋದ್ರೇಜ್ ಭಾರತದಲ್ಲಿ ತಯಾರಿಸಿದ ಫ್ರಿಜ್ಜಿನದೂ ಇದೇ.

ಈಗಿನ ಮನೆ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಇರುವುದು ಆರ್-600ಎ, ಅಂದರೆ ಐಸೋಬ್ಯುಟೇನ್. ಹಿಂದೆ ಇದ್ದ ಆರ್-12 ಓಜೋನ್ ಪದರಕ್ಕೆ ಕೇಡು ಮಾಡುತ್ತಿದ್ದುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಹಂತಹಂತವಾಗಿ ಹೋಯಿತು. ಅದರ ಜಾಗಕ್ಕೆ ಬಂದ ಆರ್-134ಎ ಭೂಮಿಯ ಬಿಸಿಯನ್ನು ಹೆಚ್ಚಿಸುವ ಅನಿಲವಾದ್ದರಿಂದ ಅದೂ ಹಿಂದೆ ಸರಿಯುತ್ತಿದೆ. ಐಸೋಬ್ಯುಟೇನ್ ಸಾಮಾನ್ಯ ವಾಯುಒತ್ತಡದಲ್ಲಿ ಮೈನಸ್ 11.7 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಫ್ರೀಜರಿನ ಸುತ್ತಲಿನ ಕೊಳವೆಯಲ್ಲಿ ಒತ್ತಡವನ್ನು ಸುಮಾರು 0.7 ಬಾರ್‌ಗೆ ಇಳಿಸಿದರೆ ಮೈನಸ್ 20ರಲ್ಲೇ ಕುದಿಯುತ್ತದೆ. ಕುದಿಯಲು ಬೇಕಾದ ಶಾಖ ಒಳಗಿಟ್ಟ ಹಾಲು, ಹಿಟ್ಟು, ಸಾರಿನಿಂದ ಬರುತ್ತದೆ. ಆ ಆವಿಯನ್ನು ಕಂಪ್ರೆಸರ್ ಎಳೆದು ಆರೇಳು ಬಾರ್‌ಗೆ ಒತ್ತುತ್ತದೆ. ಆ ಒತ್ತಡದಲ್ಲಿ ಅದು 45–50 ಡಿಗ್ರಿಯಲ್ಲೇ ದ್ರವವಾಗುತ್ತದೆ. ಅಡುಗೆಮನೆಯ ಗಾಳಿ ಅದಕ್ಕಿಂತ ತಂಪಾಗಿರುವುದರಿಂದ ಶಾಖ ಹೊರಗೆ ಹೋಗುತ್ತದೆ. ನಂತರ ದ್ರವವು ಕ್ಯಾಪಿಲರಿ ಎಂಬ ತಾಮ್ರದ ಎಳೆಯೊಳಗೆ ನುಗ್ಗುತ್ತದೆ. ಅದರ ಒಳರಂಧ್ರ ಒಂದು ಮಿಲಿಮೀಟರಿಗಿಂತ ಕಡಿಮೆ, ಉದ್ದ ಎರಡು-ಮೂರು ಮೀಟರು. ರಿಪೇರಿ ಅಂಗಡಿಯಲ್ಲಿ ಕತ್ತರಿಸಿ ಎಸೆದ ತುಂಡೊಂದನ್ನು ಬೆಳಕಿಗೆ ಹಿಡಿದು ನೋಡಿದರೆ ತೂತು ಕಣ್ಣಿಗೆ ಬೀಳುವುದೇ ಕಷ್ಟ. ಈ ಕಿರಿದಾದ ದಾರಿಯಲ್ಲಿ ಒತ್ತಡ ಕಳೆದುಕೊಂಡ ದ್ರವ ಮತ್ತೆ ಫ್ರೀಜರಿಗೆ ಬಂದು ಕುದಿಯುತ್ತದೆ.

ಒಂದು ಲೆಕ್ಕ ಹಾಕೋಣ. ಒಂದು ಲೀಟರ್ ಹಾಲನ್ನು 30 ಡಿಗ್ರಿಯಿಂದ 5 ಡಿಗ್ರಿಗೆ ಇಳಿಸಲು ಸುಮಾರು 100 ಕಿಲೋಜೂಲ್ ಶಾಖ ತೆಗೆಯಬೇಕು. ಫ್ರಿಜ್ಜಿನೊಳಗೆ ಒಂದು ಗ್ರಾಂ ಐಸೋಬ್ಯುಟೇನ್ ಒಂದು ಸುತ್ತಿಗೆ ಹೊರುವುದು ಸುಮಾರು ಕಾಲು ಕಿಲೋಜೂಲ್. ಎಂದರೆ 400 ಗ್ರಾಂ ಹರಿಯಬೇಕು. ಸಾಮಾನ್ಯ ಫ್ರಿಜ್ಜಿನಲ್ಲಿ ಇರುವುದೇ ಸುಮಾರು 50 ಗ್ರಾಂ. ಹಾಗಾಗಿ ಒಂದು ಲೀಟರ್ ಹಾಲಿಗೆ ಅಷ್ಟೂ ಗ್ಯಾಸು ಎಂಟು ಸುತ್ತು ಬರುತ್ತದೆ. ಯಂತ್ರ ಸೆಕೆಂಡಿಗೆ ನೂರು ಜೂಲ್ ಶಾಖ ಎತ್ತುತ್ತದೆ ಎಂದು ಇಟ್ಟುಕೊಂಡರೆ ಒಂದು ಸುತ್ತಿಗೆ ಸುಮಾರು ಎರಡು ನಿಮಿಷ. ದಿನದ ಅರ್ಧ ಹೊತ್ತು ಓಡುವ ಫ್ರಿಜ್ಜಿನಲ್ಲಿ ಹತ್ತು ವರ್ಷಕ್ಕೆ ಇದು ಹತ್ತು ಲಕ್ಷ ಸುತ್ತು ಮೀರುತ್ತದೆ. ಪ್ರತಿ ಸುತ್ತಿಗೆ ಲಕ್ಷದಲ್ಲಿ ಒಂದು ಪಾಲು ಸವೆದರೂ ಆ 50 ಗ್ರಾಂ ಒಂದು ವರ್ಷ ತುಂಬುವಷ್ಟರಲ್ಲಿ ಪೂರ್ತಿ ತೀರಿಹೋಗಬೇಕಿತ್ತು. ಇಪ್ಪತ್ತು ವರ್ಷ ಗ್ಯಾಸ್ ಮುಟ್ಟದೆ ನಡೆದ ಫ್ರಿಜ್ಜುಗಳು ನಮ್ಮ ಮನೆಗಳಲ್ಲೇ ಇವೆ.

ಕಾರಿನ ಏಸಿಗೆ ಆಗಾಗ ಗ್ಯಾಸ್ ತುಂಬಿಸುವುದನ್ನು ಕಂಡವರು ಇಲ್ಲಿ ತಕರಾರು ಎತ್ತಬಹುದು. ಅಲ್ಲಿ ಕಂಪ್ರೆಸರನ್ನು ತಿರುಗಿಸುವ ದಂಡ ಹೊರಗಿನಿಂದ ಒಳಹೋಗುತ್ತದೆ, ರಬ್ಬರ್ ಹೋಸುಗಳೂ ಇರುತ್ತವೆ. ಆ ಸಂದುಗಳಲ್ಲಿ ಗ್ಯಾಸ್ ಜಿನುಗುತ್ತದೆ. ಫ್ರಿಜ್ಜಿನ ಮೋಟಾರು ಕಂಪ್ರೆಸರಿನ ಜೊತೆಗೇ ಒಂದೇ ಉಕ್ಕಿನ ಗುಂಡಿನೊಳಗೆ ಬೆಸುಗೆಯಾಗಿ ಕೂತಿದೆ. ಕೊಳವೆಗಳೂ ಬೆಸುಗೆಯವೇ.

ಹಾಗಾದರೆ ಬೇಸಿಗೆಯಲ್ಲಿ ತಂಪು ಕಡಿಮೆಯಾಗುವುದೇಕೆ? ಬಹಳ ಸಲ ಶಾಖ ಹೊರಹೋಗಲು ದಾರಿ ಇಲ್ಲದಿರುವುದೇ ಕಾರಣ. ಹಳೆಯ ಫ್ರಿಜ್ಜುಗಳ ಹಿಂದೆ ಕಪ್ಪು ಜಾಲರಿ ಕಾಣುತ್ತಿತ್ತು. ಈಗ ಅನೇಕ ಮಾದರಿಗಳಲ್ಲಿ ಆ ಕೊಳವೆ ಪಕ್ಕದ ತಗಡಿನೊಳಗೆ ಅಡಗಿದೆ. ಪಕ್ಕ ಬೆಚ್ಚಗಿದ್ದರೆ ಕೆಟ್ಟಿದೆ ಎಂದು ಗಾಬರಿಯಾಗುವವರಿದ್ದಾರೆ, ಆದರೆ ಅದು ಕೆಲಸ ನಡೆಯುತ್ತಿರುವ ಗುರುತು. ಗುಂಡ್ಲುಪೇಟೆ, ತೆರಕಣಾಂಬಿ ಕಡೆಯ ರೈತರ ಮನೆಯಲ್ಲಿ ಜಾಗವಿಲ್ಲದೆ ಸಣ್ಣ ಈರುಳ್ಳಿ ಚೀಲವನ್ನು ಫ್ರಿಜ್ಜಿನ ಪಕ್ಕಕ್ಕೇ ಒತ್ತಿ ಜೋಡಿಸಿದರೆ ಆ ತಗಡಿಗೆ ಗಾಳಿ ಸಿಗುವುದಿಲ್ಲ. ಬಾಗಿಲಿನ ರಬ್ಬರು ಸಡಿಲವಾಗಿದ್ದರೂ, ಫ್ರೀಜರಿನಲ್ಲಿ ಬೆರಳು ದಪ್ಪ ಐಸು ಕಟ್ಟಿದ್ದರೂ ಹೀಗೇ ಆಗುತ್ತದೆ. ಐಸು ಶಾಖವನ್ನು ಕೊಳವೆಯೊಳಗೆ ಬಿಡದ ಹೊದಿಕೆಯಾಗಿಬಿಡುತ್ತದೆ.

ಕರೆಂಟಿನ ಪಾತ್ರವನ್ನು ಇಲ್ಲಿ ಬಿಡುವಂತಿಲ್ಲ. ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಕರೆಂಟು ಹೋಗಿ ಅರೆಕ್ಷಣದಲ್ಲಿ ಬರುವುದು ಇಲ್ಲಿ ಸಾಮಾನ್ಯ. ಯಂತ್ರ ನಿಂತೊಡನೆ ಒಂದು ಬದಿಯಲ್ಲಿ ಆರೇಳು ಬಾರ್, ಇನ್ನೊಂದು ಬದಿಯಲ್ಲಿ ಒಂದಕ್ಕಿಂತ ಕಡಿಮೆ. ಆ ಸಣ್ಣ ಕ್ಯಾಪಿಲರಿಯ ಮೂಲಕ ಎರಡೂ ಸಮವಾಗಲು ಕೆಲವು ನಿಮಿಷ ಹಿಡಿಯುತ್ತದೆ. ಅಷ್ಟರೊಳಗೆ ಕರೆಂಟು ಬಂದರೆ ಮೋಟಾರು ಒತ್ತಡದ ಎದುರು ತಿರುಗಲಾರದೆ ಗುರ್ ಎಂದು ‘ಟಿಕ್’ ಎಂದು ನಿಲ್ಲುತ್ತದೆ. ಮೋಟಾರನ್ನು ಕಾಯುವ ಓವರ್‌ಲೋಡ್ ಬಿಲ್ಲೆ ಬಿಸಿಯಾಗಿ ಕರೆಂಟು ಕಡಿದ ಸದ್ದು ಅದು. ವೋಲ್ಟೇಜ್ ಇಳಿದಾಗಲೂ ಇದೇ ಸದ್ದು. ತಡವಾಗಿ ಕರೆಂಟು ಕೊಡುವ ಸ್ಟೆಬಿಲೈಜರ್ ಇದಕ್ಕೆ ಸಾಕು. ಈ ‘ಟಿಕ್’ ಅನ್ನು ಗ್ಯಾಸಿನ ತಲೆಗೆ ಕಟ್ಟುವುದು ತಪ್ಪು.

ಇನ್ನೊಂದು ದೂರಿಗೂ ಗ್ಯಾಸು ಹೊಣೆಯಲ್ಲ. ಈ ತಾಲ್ಲೂಕಿನಲ್ಲೇ ಧಾರಾಳವಾಗಿ ಬೆಳೆಯುವ ಬಾಳೆ, ಟೊಮೆಟೊ ಸುಮಾರು 13 ಡಿಗ್ರಿಗಿಂತ ಕೆಳಗಿನ ಚಳಿಯನ್ನು ತಡೆಯುವುದಿಲ್ಲ. ಬಾಳೆಯ ಸಿಪ್ಪೆ ಕಪ್ಪಾಗುತ್ತದೆ, ಟೊಮೆಟೊ ರುಚಿ ಕಳೆದುಕೊಳ್ಳುತ್ತದೆ. ಫ್ರಿಜ್ಜು ಸರಿಯಾಗಿ ನಡೆಯುತ್ತಿದ್ದರೇ ಹೀಗಾಗುವುದು.

ಗ್ಯಾಸ್ ನಿಜವಾಗಿಯೂ ಕಡಿಮೆಯಾಗಿದ್ದರೆ ಎಲ್ಲೋ ಲೀಕ್ ಇದೆ ಎಂದೇ ಅರ್ಥ. ಚಾಕುವಿನಿಂದ ಐಸು ಕೆತ್ತಿ ಫ್ರೀಜರಿನ ಅಲ್ಯೂಮಿನಿಯಂ ತಗಡು ತೂತಾಗುವುದು ಇದಕ್ಕೆ ಸಾಮಾನ್ಯ ಕಾರಣ. ಐಸೋಬ್ಯುಟೇನ್ ಯಂತ್ರದಲ್ಲಿ ಇದರ ಪರಿಣಾಮ ವಿಚಿತ್ರ. ಓಡುವಾಗ ಫ್ರೀಜರಿನ ಕೊಳವೆಯ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುವುದರಿಂದ, ತೂತಿನಲ್ಲಿ ಗ್ಯಾಸು ಹೊರಬರುವ ಬದಲು ಹೊರಗಿನ ಗಾಳಿಯೂ ತೇವವೂ ಒಳನುಗ್ಗುತ್ತವೆ. ಆ ತೇವ ಕ್ಯಾಪಿಲರಿಯ ಬಾಯಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಲೀಕ್ ಹುಡುಕದೆ ಮೇಲಿಂದ ಗ್ಯಾಸ್ ಬಿಟ್ಟರೆ ಕೆಲವೇ ದಿನದಲ್ಲಿ ಮತ್ತೆ ಅದೇ ಕಥೆ. ಸರಿಯಾದ ಕ್ರಮವೆಂದರೆ ಕಿಟಕಿ ತೆರೆದಿಟ್ಟು, ಉಳಿದ ಗ್ಯಾಸನ್ನು ಮೊದಲು ಹೊರಗೆ ಬಿಟ್ಟು, ನೈಟ್ರೋಜನ್ ತುಂಬಿ ಸೋಪು ನೊರೆಯಿಂದ ತೂತು ಪತ್ತೆಮಾಡಿ ಮುಚ್ಚಿ, ಫಿಲ್ಟರ್ ಬದಲಿಸಿ, ವ್ಯಾಕ್ಯೂಮ್ ಪಂಪಿನಿಂದ ಗಾಳಿ-ತೇವ ಪೂರ್ತಿ ಎಳೆದು, ಆಮೇಲೆ ತುಂಬುವುದು. ಐಸೋಬ್ಯುಟೇನ್ ಒಲೆಯ ಗ್ಯಾಸಿನ ಜಾತಿಯದೇ, ಹೊತ್ತಿಕೊಳ್ಳುತ್ತದೆ. ಒಳಗೆ ಗ್ಯಾಸ್ ಇರುವಾಗ ಬೆಸುಗೆಯ ಬೆಂಕಿ ಹತ್ತಿರ ಬರಕೂಡದು. ತುಂಬಬೇಕಾದ ಪ್ರಮಾಣ ಕಂಪ್ರೆಸರಿನ ಬಳಿಯ ಚೀಟಿಯಲ್ಲಿ ಗ್ರಾಂ ಲೆಕ್ಕದಲ್ಲಿ ಅಚ್ಚಾಗಿರುತ್ತದೆ. 50 ಗ್ರಾಂಗೆ ಐದು ಗ್ರಾಂ ಹೆಚ್ಚಾದರೂ ಹತ್ತನೇ ಒಂದು ಪಾಲು ಏರುಪೇರು. ಅದನ್ನು ಕೈಯಂದಾಜಿನಲ್ಲಿ ಬಿಡದೆ ಗ್ರಾಂ ತೋರಿಸುವ ತಕ್ಕಡಿಯ ಮೇಲೆ ಡಬ್ಬಿ ಇಟ್ಟು ತೂಗಿಯೇ ಬಿಡಬೇಕು. ರಿಪೇರಿಗೆ ಬಂದವರನ್ನು ಲೀಕ್ ಎಲ್ಲಿತ್ತೆಂದು, ಎಷ್ಟು ಗ್ರಾಂ ತುಂಬಿದರೆಂದು ಮನೆಯವರು ಕೇಳಿಯೇ ಹಣ ಕೊಡುವುದು ಒಳ್ಳೆಯದು.