ಮಾತುಮಾತಿಗೆ ‘ಸಾರಿ’ ಕೇಳುವ ಅಭ್ಯಾಸ 21 ದಿನದಲ್ಲಿ ಹೋಗುತ್ತದೆಯೇ?

‘ಪದೇ ಪದೇ ಸಾರಿ ಕೇಳುವವರು ದುರ್ಬಲರು. 21 ದಿನ ಈ ಪದ ಬಿಟ್ಟು ನೋಡಿ, ಬದುಕೇ ಬದಲಾಗುತ್ತದೆ!’ ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮುನ್ನ ಅದರಲ್ಲಿ ಎಷ್ಟು ನಿಜವಿದೆ ನೋಡೋಣ.

ಮೊದಲು 21 ದಿನದ ಲೆಕ್ಕ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಿಂದ ಇದು ಹರಡಿತು. ಶಸ್ತ್ರಚಿಕಿತ್ಸೆಯಾದ ಮೇಲೆ ರೋಗಿಗಳಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ 21 ದಿನ ಬೇಕು ಎಂದು ಅವರು ಗಮನಿಸಿದ್ದರು. ಬಾಯಿಗೆ ಬಾಯಿ ದಾಟುವಾಗ ‘ಕನಿಷ್ಠ’ ಎಂಬ ಪದ ಬಿದ್ದುಹೋಯಿತು! ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 96 ಜನ ಪಾಲ್ಗೊಂಡಿದ್ದರು. ಹೊಸ ಅಭ್ಯಾಸವೊಂದು ತಾನಾಗಿಯೇ ಬರುವಂತಾಗಲು ಸರಾಸರಿ 66 ದಿನ ಬೇಕಾಯಿತು. ವ್ಯಕ್ತಿಯಿಂದ ವ್ಯಕ್ತಿಗೆ ಇದು 18ರಿಂದ 254 ದಿನಗಳವರೆಗೆ ಬದಲಾಯಿತು. ನಡುವೆ ಒಂದು ದಿನ ತಪ್ಪಿದರೂ ದೊಡ್ಡ ನಷ್ಟವಾಗಲಿಲ್ಲ.

ಸಾರಿ ಕೇಳುವವರು ದುರ್ಬಲರೇ? 2014ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದು ಬೇರೆಯದನ್ನೇ ಹೇಳುತ್ತದೆ. ಮಳೆ ಸುರಿಯುವಾಗ ರೈಲು ನಿಲ್ದಾಣದಲ್ಲಿ ಒಬ್ಬಾತ ಅಪರಿಚಿತರ ಬಳಿ ಫೋನ್ ಕೇಳಿದ. ಸುಮ್ಮನೆ ಕೇಳಿದಾಗ ಕೊಟ್ಟವರು ಶೇ. 9. ‘ಮಳೆ ಬರ್ತಿದೆ, ಸಾರಿ’ ಎಂದು ಶುರು ಮಾಡಿದಾಗ ಶೇ. 47. ಮಳೆ ಬಂದದ್ದು ಅವನ ತಪ್ಪೇನಲ್ಲ, ಆದರೂ ‘ನಿಮ್ಮ ತೊಂದರೆ ನನಗೆ ಕಾಣುತ್ತಿದೆ’ ಎಂಬುದು ಎದುರಿನವರಿಗೆ ತಲುಪಿತು. ಇನ್ನು, ಹೆಂಗಸರೇ ಹೆಚ್ಚು ಸಾರಿ ಕೇಳುತ್ತಾರೆ ಎನ್ನುವುದು ಅರ್ಧ ನಿಜ. 2010ರ ಕೆನಡಾದ ಅಧ್ಯಯನದ ಪ್ರಕಾರ ಹೆಂಗಸರು ‘ಇದು ತಪ್ಪು’ ಎಂದು ಎಣಿಸಿದ ಸಂಗತಿಗಳೇ ಹೆಚ್ಚು. ತಪ್ಪು ಎನಿಸಿದ ಮೇಲೆ ಕ್ಷಮೆ ಕೇಳುವ ಪ್ರಮಾಣದಲ್ಲಿ ಗಂಡಸರಿಗೂ ಹೆಂಗಸರಿಗೂ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ತೊಂದರೆ ಎಲ್ಲಿದೆ? ವಿಜಯಪುರ ಜಿಲ್ಲೆಯ ತಾಂಬಾ, ಇಂಡಿ, ಸಿಂದಗಿ ಕಡೆಯ ಮಾತನ್ನೇ ತೆಗೆದುಕೊಳ್ಳಿ. ಬಸ್ಸಿನಲ್ಲಿ ‘ಕಾಕಾ, ತುಸು ಸರೀರಿ’ ಎಂದರೆ ಸಾಕು. ಆ ‘ರಿ’ಯಲ್ಲೇ ಮರ್ಯಾದೆ ಇದೆ. ಅದಕ್ಕೆ ‘ಸಾರಿ’ ಸೇರಿಸಿದರೆ ಮರ್ಯಾದೆಯೇನೂ ಹೆಚ್ಚುವುದಿಲ್ಲ. ಕಾಲು ತಾಗಿದರೆ ಕೈಯಿಂದ ಮುಟ್ಟಿ ನಮಸ್ಕರಿಸುತ್ತೇವೆ, ಅಲ್ಲಿಗೆ ಮುಗಿಯಿತು. ನಿಜವಾಗಿಯೂ ತಪ್ಪಾದಾಗ ‘ತಪ್ಪಾತ್ರಿ, ಹೊಟ್ಟ್ಯಾಗ ಹಾಕ್ಕೋರಿ’ ಎನ್ನುತ್ತೇವೆ. ಈ ಮಾತನ್ನು ಯಾರೂ ದಿನಕ್ಕೆ ಇಪ್ಪತ್ತು ಸಲ ಆಡುವುದಿಲ್ಲ, ಹಾಗಾಗಿ ಅದರ ತೂಕ ಉಳಿದಿದೆ. ‘ಸಾರಿ’ ಮಾತ್ರ ದಾರಿ ಕೇಳಲು, ಮಾತು ಶುರು ಮಾಡಲು, ಸಂದೇಹ ಕೇಳಲು, ಕೊನೆಗೆ ಸೀನಿದಾಗಲೂ ಬಳಕೆಯಾಗುತ್ತಿದೆ.

ಇವುಗಳಲ್ಲಿ ನಮಗೆ ದುಬಾರಿಯಾಗುವುದು ಸಂದೇಹ ಕೇಳುವ ಜಾಗ. ಆಸ್ಪತ್ರೆಯಲ್ಲಿ ‘ಸಾರಿ ಸರ್, ತಪ್ಪು ತಿಳ್ಕೋಬ್ಯಾಡ್ರಿ’ ಎಂದು ಶುರು ಮಾಡಿದವರು, ಹಿಂದೆ ಸಾಲು ಇರುವುದನ್ನು ನೋಡಿ ಪ್ರಶ್ನೆಯನ್ನೇ ನುಂಗಿಕೊಳ್ಳುತ್ತಾರೆ. ಗುಳಿಗೆ ಊಟದ ಮೊದಲೋ ನಂತರವೋ ಗೊತ್ತಿಲ್ಲದೆ ಮನೆಗೆ ಬರುತ್ತಾರೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಮೊದಲು ಬರುವುದೇ ಮಾಹಿತಿ ಪಡೆಯುವ ಹಕ್ಕು. ‘ಸರ್, ಈ ಗುಳಿಗಿ ಯಾವಾಗ ತಗೋಬೇಕು, ಇನ್ನೊಮ್ಮೆ ಹೇಳ್ರಿ’ ಎಂದು ನೇರವಾಗಿ ಕೇಳಿ. ಇದರಲ್ಲಿ ಸೊಕ್ಕೇನೂ ಇಲ್ಲ. ಬ್ಯಾಂಕು, ಪಂಚಾಯಿತಿ ಕಚೇರಿಗೂ ಇದೇ ಮಾತು.

ಅಭ್ಯಾಸ ಬಿಡಬೇಕೆಂದರೆ ‘ಸಾರಿ ಅನ್ನಬಾರದು’ ಎಂಬ ಪಣಕ್ಕಿಂತ, ಒಂದೇ ಒಂದು ಸಂದರ್ಭ ಆರಿಸಿಕೊಂಡು ಅಲ್ಲಿಗೆ ಬೇರೆ ಮಾತು ಸಿದ್ಧವಾಗಿಟ್ಟುಕೊಳ್ಳುವುದು ಸುಲಭ. ಫೋನ್ ಮಾಡಿದಾಗ ‘ಸಾರಿ, ಡಿಸ್ಟರ್ಬ್ ಮಾಡಿದೆ’ ಅನ್ನುವ ಬದಲು ‘ಈಗ ಮಾತಾಡಬಹುದಾ?’ ಎನ್ನಿ. ಅದು ರೂಢಿಯಾದ ಮೇಲೆ ಇನ್ನೊಂದು. ‘ಸಾರಿ ಬದಲು ಥ್ಯಾಂಕ್ಯೂ ಹೇಳಿ’ ಎಂಬ ಸಲಹೆಯೂ ಹರಿದಾಡುತ್ತಿದೆ. ಎಲ್ಲ ಕಡೆಗೂ ಅದು ಹೊಂದುವುದಿಲ್ಲ. ಒಬ್ಬರನ್ನು ಒಂದು ತಾಸು ಬಿಸಿಲಲ್ಲಿ ನಿಲ್ಲಿಸಿ ‘ಕಾದಿದ್ದಕ್ಕೆ ಥ್ಯಾಂಕ್ಸ್’ ಎಂದರೆ ಅವರು ಏನಂದುಕೊಂಡಾರು? ಅಲ್ಲಿ ‘ತಪ್ಪಾತ್ರಿ’ ಎನ್ನಲೇಬೇಕು.

ಕೆಲವರಿಗೆ ಇದು ನಾಲಿಗೆಯ ಅಭ್ಯಾಸವೇ ಅಲ್ಲ. ಮನೆಯಲ್ಲಿ ಬೈಗುಳ, ಹೊಡೆತ ತಪ್ಪಿಸಿಕೊಳ್ಳಲು ಮೊದಲೇ ಸಾರಿ ಕೇಳುವ ಹೆಣ್ಣುಮಗಳಿಗೆ ‘ಧೈರ್ಯವಾಗಿರು, ಸಾರಿ ಬಿಡು’ ಎಂಬ ಫಾರ್ವರ್ಡ್ ಕಳಿಸಬೇಡಿ. ಆ ಮಾತು ಅವಳ ರಕ್ಷಣೆ. ಅವಳಿಗೆ ಬೇಕಿರುವುದು ಮಹಿಳಾ ಸಹಾಯವಾಣಿ 181. ‘ಏನೂ ತಪ್ಪಾಗಿಲ್ಲ’ ಎಂದು ಎಷ್ಟು ಸಲ ಹೇಳಿಸಿಕೊಂಡರೂ ಸಮಾಧಾನವಾಗದೆ ಮತ್ತೆ ಮತ್ತೆ ಕ್ಷಮೆ ಕೇಳುವಂತಾದರೆ, ಅದು ಆತಂಕದ ಅಥವಾ ಗೀಳು ಕಾಯಿಲೆಯ ಲಕ್ಷಣವೂ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.