ನಾವು ಕಿತ್ತೆಸೆಯುವ ಗರಿಕೆ, ಅವರು ಬೆಳೆಸುವ ಲಾನ್

ಹೊಲಕ್ಕೆ ಗರಿಕೆ ಹಬ್ಬಿತೆಂದರೆ ರೈತನಿಗೆ ತಲೆನೋವು. ಕುಂಟೆ ಹೊಡೆದರೂ ಹೋಗದು, ಕೈಯಲ್ಲಿ ಕಿತ್ತರೂ ಹೋಗದು. ಒಂದು ಗೆಣ್ಣು ಮಣ್ಣಲ್ಲಿ ಉಳಿದರೆ ಸಾಕು, ಮುಂದಿನ ಮಳೆಗೆ ಮತ್ತೆ ಹಾಜರು. ಅದೇ ಗರಿಕೆ ಗಣೇಶನ ಹಬ್ಬಕ್ಕೆ ಇಪ್ಪತ್ತೊಂದರ ಲೆಕ್ಕದಲ್ಲಿ ಬೇಕು. ಸಗಣಿ ಬೆನಕನ ನೆತ್ತಿಗೂ ಬೇಕು, ಮಲೆನಾಡಿನ ತಂಬುಳಿಗೂ ಬೇಕು. ಉತ್ತರ ಕರ್ನಾಟಕದ ಕಡೆ ಇದಕ್ಕೆ ಕರಿಕೆ ಅಂತಾರೆ.

ಇದೇ ಹುಲ್ಲಿಗೆ ಅಮೆರಿಕದಲ್ಲಿ ಬರ್ಮುಡಾ ಗ್ರಾಸ್ ಎಂದು ಹೆಸರು. ಅಲ್ಲಿ ಇದರ ಬೀಜವನ್ನು ಪ್ಯಾಕೆಟ್ಟಿನಲ್ಲಿ ಮಾರುತ್ತಾರೆ. ಮನೆ ಮುಂದಿನ ಲಾನ್, ಆಟದ ಮೈದಾನ, ಗಾಲ್ಫ್ ಅಂಗಳ ಎಲ್ಲ ಕಡೆ ಬಿತ್ತಿ, ನೀರುಣಿಸಿ, ಗೊಬ್ಬರ ಹಾಕಿ ಸಾಕುತ್ತಾರೆ.

ಹಸು ಬಾಯಿ ಹಾಕದ ಹುಲ್ಲನ್ನು ಇಷ್ಟು ದುಡ್ಡು ಸುರಿದು ಬೆಳೆಸುವ ರೂಢಿ ಎಲ್ಲಿಂದ ಬಂತು? ಈ ಪ್ರಶ್ನೆ ಹಿಡಿದು ಹೊರಟರೆ ದಾರಿ ಇಂಗ್ಲೆಂಡಿನ ಜಮೀನ್ದಾರರ ಬಂಗಲೆಗಳಿಂದ ಶುರುವಾಗಿ, ನಮ್ಮ ಕಳೆನಾಶಕದ ಡಬ್ಬಿಗೂ ನಮ್ಮ ಸಜ್ಜೆ ಹೊಲಕ್ಕೂ ಬಂದು ತಲುಪುತ್ತದೆ.

ಊರನ್ನೇ ಎತ್ತಿಸಿದ ಹಸಿರು

ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಲಾನ್ ಅಂದರೆ ಸಿರಿವಂತಿಕೆಯ ಬೋರ್ಡು. 'ಇಷ್ಟು ಫಲವತ್ತಾದ ಭೂಮಿಯನ್ನು ಬೆಳೆ ತೆಗೆಯದೆ ಸುಮ್ಮನೆ ಬಿಡುವಷ್ಟು ನಮಗಿದೆ' ಎಂದು ಜಗತ್ತಿಗೆ ತೋರಿಸುವ ಬಗೆ. ನಮ್ಮ ಗೋಮಾಳದಂಥ ಊರೊಟ್ಟಿನ ಹುಲ್ಲುಗಾವಲುಗಳಿಗೆ ಬೇಲಿ ಹಾಕಿ ಒಬ್ಬೊಬ್ಬರ ಆಸ್ತಿ ಮಾಡಲು ಅಲ್ಲಿನ ಪಾರ್ಲಿಮೆಂಟು ಸಾವಿರಾರು ಕಾಯ್ದೆಗಳನ್ನು ಮಾಡಿದ್ದೂ ಅದೇ ಕಾಲದ ಆಸುಪಾಸಿನಲ್ಲಿ.

ಡಾರ್ಸೆಟ್ ಪ್ರಾಂತ್ಯದ ಒಂದು ಊರಿನ ಕತೆ ಕೇಳಿ. ಅಲ್ಲಿನ ಒಡೆಯ ಲಾರ್ಡ್ ಮಿಲ್ಟನ್‌ಗೆ ತನ್ನ ಬಂಗಲೆಯಿಂದ ನೋಡಿದರೆ ಊರು ಕಾಣಬಾರದಿತ್ತು. ಹಳೆಯ ಊರನ್ನು ಕೆಡವಿಸಿದ, ಜನರನ್ನು ದೂರದ ಕಣಿವೆಯಲ್ಲಿ ಒಂದೇ ಅಚ್ಚಿನ ಮನೆಗಳಿಗೆ ಸಾಗಿಸಿದ. ಊರಿದ್ದ ಕಡೆ ಹುಲ್ಲುಹಾಸು, ಮರಗಳ ಉದ್ಯಾನ ಬಂತು. ಅದಕ್ಕೆ ನಕ್ಷೆ ಹಾಕಿಕೊಟ್ಟವನು ಆ ಕಾಲದ ಹೆಸರಾಂತ ಉದ್ಯಾನ ವಿನ್ಯಾಸಕ 'ಕೇಪಬಿಲಿಟಿ' ಬ್ರೌನ್. ಹೊಸ ಊರು ಮಿಲ್ಟನ್ ಅಬ್ಬಾಸ್ ಇವತ್ತಿಗೂ ಇದೆ. ಸಾಲಾಗಿ ನಿಂತ ಅದರ ಮನೆಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ.

ಆ ಹುಲ್ಲನ್ನು ಕುರಿಗಳು ಮೇಯ್ದು ಸಮ ಮಾಡುತ್ತಿದ್ದವು. ಬಂಗಲೆ ಹತ್ತಿರದ್ದನ್ನು ಉದ್ದ ಹಿಡಿಯ ಕುಡುಗೋಲು ಹಿಡಿದ ಆಳುಗಳು ಬೆಳಗಿನ ಇಬ್ಬನಿ ಆರುವ ಮುಂಚೆ ಕೊಯ್ಯುತ್ತಿದ್ದರು. ಹುಲ್ಲು ಒದ್ದೆಯಿದ್ದಾಗಲೇ ಚೆನ್ನಾಗಿ ಕೊಯ್ಯಲು ಬರುವುದು.

ಬೀಜದ ಕತೆ

ಆಗ ಹುಲ್ಲಿನ ಬೀಜ ಅಂದರೆ ಹೆಚ್ಚಾಗಿ ಹುಲ್ಲಟ್ಟದ ಕಸ. ಒಣಹುಲ್ಲು ಕೂಡಿಟ್ಟ ಅಟ್ಟವನ್ನು ಗುಡಿಸಿದಾಗ ಸಿಕ್ಕ ಕಾಳನ್ನೇ ಬಿತ್ತುತ್ತಿದ್ದರು. ಅದರಲ್ಲಿ ಹುಲ್ಲಿಗಿಂತ ಕಳೆಯೇ ಜಾಸ್ತಿ ಇದ್ದರೂ ಆಶ್ಚರ್ಯವಿಲ್ಲ.

ಇದನ್ನು ಶಿಸ್ತಿಗೆ ತಂದವರಲ್ಲಿ ಜಾರ್ಜ್ ಸಿಂಕ್ಲೇರ್ ಒಬ್ಬ. ಬೆಡ್‌ಫರ್ಡ್ ಡ್ಯೂಕನ ವೋಬರ್ನ್ ಎಸ್ಟೇಟಿನಲ್ಲಿ ಈತ ತೋಟದ ಮುಖ್ಯಸ್ಥ. ಎರಡಡಿ ಉದ್ದ, ಎರಡಡಿ ಅಗಲದ 240ಕ್ಕೂ ಹೆಚ್ಚು ಮಡಿಗಳಲ್ಲಿ ಬೇರೆ ಬೇರೆ ಹುಲ್ಲುಗಳನ್ನು, ಬೇರೆ ಬೇರೆ ಮಣ್ಣಿನಲ್ಲಿ ಬೆಳೆಸಿ ನೋಡಿದ. 1816ರಲ್ಲಿ ಅದನ್ನು ಪುಸ್ತಕ ಮಾಡಿದ. ಒಣಗಿಸಿದ ಹುಲ್ಲಿನ ಎಸಳುಗಳನ್ನೇ ಪುಟಗಳಿಗೆ ಅಂಟಿಸಿದ್ದ ಪುಸ್ತಕ ಅದು.

ಅವನು ಕಂಡುಕೊಂಡ ಒಂದು ಮಾತು ನಮಗೆ ಮುಖ್ಯ. ಒಂದೇ ಜಾತಿಯ ಹುಲ್ಲು ಹಾಕಿದ ಮಡಿಗಿಂತ ಹಲವು ಜಾತಿ ಬೆರೆಸಿದ ಮಡಿಯಲ್ಲಿ ಗಿಡ ಒತ್ತಾಗಿ ಬರುತ್ತಿತ್ತು. ಮುಂದೆ ಚಾರ್ಲ್ಸ್ ಡಾರ್ವಿನ್ ಕೂಡ ಈ ಪ್ರಯೋಗವನ್ನು ಬಳಸಿಕೊಂಡ. ಅಕ್ಕಡಿ ಸಾಲು ಬಿಟ್ಟು ರಾಗಿ ಬೆಳೆಯುತ್ತಿದ್ದ ನಮ್ಮ ಹಿರಿಯರಿಗೆ ಇದು ಹೊಸ ಮಾತಾಗಿರಲಿಲ್ಲ.

1830ರಲ್ಲಿ ಇನ್ನೊಂದು ತಿರುವು. ಗ್ಲಾಸ್ಟರ್‌ಶೈರಿನ ಎಡ್ವಿನ್ ಬಡ್ಡಿಂಗ್ ಎಂಬ ಮೆಕ್ಯಾನಿಕ್, ಉಣ್ಣೆ ಮಿಲ್ಲಿನಲ್ಲಿ ಬಟ್ಟೆಯ ಜುಂಗು ಕತ್ತರಿಸುವ ಯಂತ್ರ ನೋಡಿ, ಅದೇ ಉಪಾಯದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಮಾಡಿ ಪೇಟೆಂಟ್ ಪಡೆದ. ಕುರಿ ಮಂದೆಯೂ ಬೇಡ, ಆಳುಗಳ ಸಾಲೂ ಬೇಡ. ಬಂಗಲೆಯವರ ಲಾನ್ ಸಾಧಾರಣ ಮನೆಯ ಅಂಗಳಕ್ಕೂ ಇಳಿಯಿತು.

ಕುರಿಗಳು ಪೂರ್ತಿ ಮರೆಯಾಗಲಿಲ್ಲ. ಮೊದಲ ಮಹಾಯುದ್ಧದ ಹೊತ್ತಲ್ಲಿ, 1918ರಲ್ಲಿ, ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಶ್ವೇತಭವನದ ಲಾನ್ ಮೇಲೆ ಕುರಿ ಬಿಟ್ಟರು. ಹುಲ್ಲು ಕೊಯ್ಯುವ ಆಳಿನ ಖರ್ಚು ಉಳಿಯಿತು. ಉಣ್ಣೆ ಹರಾಜಿನಿಂದ ರೆಡ್‌ಕ್ರಾಸ್‌ಗೆ 52,000 ಡಾಲರಿಗಿಂತ ಹೆಚ್ಚು ಹಣ ಬಂತು.

ಕಳೆಯಾಗಿ ಹೋದ ಗೆಳೆಯ

ಅಮೆರಿಕದ ಲಾನ್ ಬೀಜದ ಪ್ಯಾಕೆಟ್ಟಿನಲ್ಲಿ ಎರಡನೇ ಮಹಾಯುದ್ಧದವರೆಗೂ ಹುಲ್ಲಿನ ಜೊತೆ ಕ್ಲೋವರ್ ಬೀಜವನ್ನೂ ಬೆರೆಸುವುದು ರೂಢಿಯಾಗಿತ್ತು. ಮೆಂತ್ಯದ ಹಾಗೆ ಮೂರೆಲೆಯ ಪುಟ್ಟ ಗಿಡ ಇದು. ಶೇಂಗಾ, ತೊಗರಿಯ ಬೇರಿನಲ್ಲಿರುವ ಹಾಗೆ ಇದರ ಬೇರಿನಲ್ಲೂ ಗಂಟುಗಳಿರುತ್ತವೆ. ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತದೆ. ಪಕ್ಕದ ಹುಲ್ಲಿಗೆ ಪುಕ್ಕಟೆ ಗೊಬ್ಬರ, ಜೇನಿಗೆ ಹೂವು.

ಯುದ್ಧ ಮುಗಿಯುತ್ತಿದ್ದಂತೆ 2,4-ಡಿ ಎಂಬ ಕಳೆನಾಶಕ ಅಲ್ಲಿನ ಅಂಗಡಿಗೆ ಬಂತು. ನಮ್ಮಲ್ಲೂ ಭತ್ತಕ್ಕೆ, ಕಬ್ಬಿಗೆ, ಜೋಳಕ್ಕೆ ಹೊಡೆಯುವ ಅದೇ ಔಷಧಿ. ಅಗಲ ಎಲೆಯ ಗಿಡವನ್ನು ಸಾಯಿಸುತ್ತದೆ, ಹುಲ್ಲನ್ನು ಬಿಡುತ್ತದೆ. ಕಳೆಯ ಜೊತೆ ಕ್ಲೋವರ್ ಕೂಡ ಸತ್ತಿತು. ಔಷಧಿಗೆ ಕ್ಲೋವರ್ ಉಳಿಸುವುದು ಗೊತ್ತಿರಲಿಲ್ಲ. ಹಾಗಾಗಿ ಕ್ಲೋವರನ್ನೇ ಕಳೆಯ ಪಟ್ಟಿಗೆ ಸೇರಿಸಿದರು. ಗಿಡ ಪುಕ್ಕಟೆ ಕೊಡುತ್ತಿದ್ದ ಸಾರಜನಕವನ್ನು ಜನ ಆಮೇಲೆ ಚೀಲದಲ್ಲಿ ಕೊಂಡು ತರಬೇಕಾಯಿತು. ಆರೋಗ್ಯವಂತ ಲಾನ್ ಅಂದರೆ ಒಂದೇ ಜಾತಿ, ಒಂದೇ ಬಣ್ಣ, ಒಂದೇ ಎತ್ತರ ಎಂಬ ನಂಬಿಕೆ ಗಟ್ಟಿಯಾದದ್ದು ಹೀಗೆ.

2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉಪಗ್ರಹ ಚಿತ್ರಗಳ ನೆರವಿನಿಂದ ಅಮೆರಿಕದ ಲಾನ್‌ಗಳನ್ನು ಅಂದಾಜು ಮಾಡಿತು. ಸುಮಾರು 1.6 ಲಕ್ಷ ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕ ಇರುವುದು 1.92 ಲಕ್ಷ ಚದರ ಕಿಲೋಮೀಟರ್. ನೀರುಣಿಸಿ ಬೆಳೆಯುವ ಮೆಕ್ಕೆಜೋಳಕ್ಕಿಂತ ಸುಮಾರು ಮೂರು ಪಟ್ಟು ಜಾಗ ಅಲ್ಲಿ ಲಾನ್‌ಗಿದೆ ಎಂದಿತು ಆ ಅಧ್ಯಯನ.

ಹತ್ತಿ ಹೊಲದ ಗರಿಕೆ, ಸಜ್ಜೆ ಹೊಲದ ಬೀಜ

ಅಮೆರಿಕದ ದಕ್ಷಿಣ ಭಾಗ ಸೆಕೆಯ ನಾಡು. ಯುರೋಪಿನ ತಂಪು ಹುಲ್ಲುಗಳು ಅಲ್ಲಿ ಬೇಸಿಗೆಗೆ ಬಾಡುತ್ತವೆ. ಅಲ್ಲಿ ನಿಂತದ್ದು ಗರಿಕೆ. ಹೆಸರು ಬರ್ಮುಡಾ ಆದರೂ ಅದರ ಮೂಲ ಬರ್ಮುಡಾ ದ್ವೀಪವಲ್ಲ. ಆಫ್ರಿಕಾ, ಏಷ್ಯಾದ ಕಡೆಯಿಂದ ಹಡಗು ಹತ್ತಿ ಹೋದ ಹುಲ್ಲು. ಹತ್ತಿ ಬೆಳೆಗಾರರು ಅದನ್ನು ನಮ್ಮ ಹಾಗೆಯೇ ಬೈಯುತ್ತಿದ್ದರು, 'ದೆವ್ವದ ಹುಲ್ಲು' ಎಂಬ ಹೆಸರೂ ಇತ್ತು.

ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. 1936ರಲ್ಲಿ ಗ್ಲೆನ್ ಬರ್ಟನ್ ಎಂಬ ತಳಿ ವಿಜ್ಞಾನಿ ಅಲ್ಲಿಗೆ ಬಂದರು. ಹಳೆಯ ಹತ್ತಿ ಹೊಲದಲ್ಲಿ ಸಿಕ್ಕಿದ್ದ ಒಂದು ಒಳ್ಳೆಯ ಗರಿಕೆಯನ್ನು ದಕ್ಷಿಣ ಆಫ್ರಿಕಾದಿಂದ ಬಂದ ಗರಿಕೆಯ ಜೊತೆ ಕೂಡಿಸಿದರು. 1943ರಲ್ಲಿ ಹೊರಬಂದ ಆ 'ಕೋಸ್ಟಲ್' ತಳಿ ದನದ ಮೇವಾಗಿ ಲಕ್ಷಾಂತರ ಎಕರೆಗೆ ಹಬ್ಬಿತು. ಆಮೇಲೆ ನಮ್ಮ ಗರಿಕೆಯನ್ನು ಅದರ ಹತ್ತಿರದ ನೆಂಟನಾದ ಸಣ್ಣ ಎಸಳಿನ ಆಫ್ರಿಕನ್ ಹುಲ್ಲಿಗೆ ಕೂಡಿಸಿ ಲಾನ್ ತಳಿಗಳನ್ನು ಮಾಡಿದರು. 1960ರಲ್ಲಿ ಬಂದ 'ಟಿಫ್‌ವೇ' ಅದರಲ್ಲಿ ಹೆಸರುವಾಸಿ. ಇದು ಬೀಜ ಕಟ್ಟುವುದಿಲ್ಲ, ಬಳ್ಳಿ ತುಂಡನ್ನೇ ನೆಡಬೇಕು.

ಇದೇ ಬರ್ಟನ್ ಸಜ್ಜೆಯ ಮೇಲೂ ಕೆಲಸ ಮಾಡುತ್ತಿದ್ದರು. ಹೈಬ್ರಿಡ್ ಬೀಜ ಮಾಡಲು ಬೇಕಾದ, ತಾನೇ ಪರಾಗ ಕೊಡದ ತಾಯಿ ಸಾಲು ಅವರ ಕೈಯಲ್ಲಿ ಸಿದ್ಧವಾಯಿತು. ಅದರ ಹೆಸರು ಟಿಫ್ಟ್ 23ಎ. ಅದನ್ನು ಭಾರತಕ್ಕೆ ಕೊಟ್ಟರು. ಲುಧಿಯಾನದ ವಿಜ್ಞಾನಿಗಳು ಅದನ್ನು ಬಳಸಿ 1965ರಲ್ಲಿ ದೇಶದ ಮೊದಲ ಹೈಬ್ರಿಡ್ ಸಜ್ಜೆ ಎಚ್‌ಬಿ-1 ಬಿಡುಗಡೆ ಮಾಡಿದರು. ಇಳುವರಿ ಏರಿತು.

ಆದರೆ ಆ ಕಾಲದ ಹೈಬ್ರಿಡ್‌ಗಳಿಗೆಲ್ಲ ತಾಯಿ ಒಂದೇ. 1970ರ ದಶಕದ ಮೊದಲಲ್ಲಿ ಕೇದಿಗೆ ರೋಗ ಬಂದಾಗ ತಡೆಯುವ ಶಕ್ತಿ ಆ ತಾಯಿಗೆ ಇರಲಿಲ್ಲ. ತಾಯಿಗೆ ಇಲ್ಲದ್ದು ಮಕ್ಕಳಿಗೆ ಬರುವುದೆಲ್ಲಿಂದ? ತೆನೆ ಕಟ್ಟುವ ಕಡೆ ಎಲೆ ಮೂಡಿತು. ವಿಜ್ಞಾನಿಗಳು ಬೇರೆ ಬೇರೆ ಮೂಲದ ತಾಯಿ ಸಾಲುಗಳನ್ನು ಹುಡುಕಬೇಕಾಯಿತು. ಸಿಂಕ್ಲೇರ್ ಎರಡಡಿ ಮಡಿಯಲ್ಲಿ ಕಂಡ ಮಾತನ್ನೇ ನಮ್ಮ ದೇಶ ಲಕ್ಷಾಂತರ ಎಕರೆಯಲ್ಲಿ, ನಷ್ಟ ಉಂಡು ಕಲಿಯಿತು.

ನಮ್ಮ ಅಂಗಳಕ್ಕೆ ಏನು?

ಗರಿಕೆ ತುಳಿತ ತಾಳುತ್ತದೆ, ಕೊಯ್ತ ತಾಳುತ್ತದೆ. ಕಾರಣ ಸರಳ. ಅದರ ಬಳ್ಳಿ ನೆಲಕ್ಕಂಟಿ ಓಡುತ್ತದೆ, ಇನ್ನೊಂದು ಬಳ್ಳಿ ಮಣ್ಣೊಳಗೆ ಓಡುತ್ತದೆ. ದನದ ಬಾಯಿಗೆ ಸಿಗದ ಜಾಗದಲ್ಲಿ ಚಿಗುರಿನ ಕಣ್ಣು ಇಟ್ಟುಕೊಂಡಿರುತ್ತದೆ. ಲಾನ್ ಕತ್ತರಿಸುವ ಯಂತ್ರ ಅಂದರೆ ಸಗಣಿ ಹಾಕದ ಹಸು, ಅಷ್ಟೇ.

ಬೀಜದಿಂದ ಬೆಳೆಸುವವರು ಗಮನಿಸಬೇಕಾದ್ದು ಇಷ್ಟು. ಗರಿಕೆ ಬೀಜ ಬಹಳ ಸಣ್ಣದು, ಒಂದು ಕಿಲೋಗೆ ಮೂವತ್ತು ಲಕ್ಷಕ್ಕೂ ಮೀರಿ ಕಾಳು. ಮೊದಲು ಕಳೆ ತೆಗೆದು ನೆಲ ಹದ ಮಾಡಿ. ಆಮೇಲೆ ಚದರ ಮೀಟರಿಗೆ 5ರಿಂದ 10 ಗ್ರಾಂ ಬೀಜವನ್ನು ಮರಳಲ್ಲಿ ಬೆರೆಸಿ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಚೆಲ್ಲಿ. ಆಳಕ್ಕೆ ಹೂಳಬೇಡಿ, ಮೇಲ್ಮಣ್ಣಿಗೆ ಒತ್ತಿದರೆ ಸಾಕು. ಒಂದರಿಂದ ಮೂರು ವಾರದಲ್ಲಿ ಮೊಳೆಯುತ್ತದೆ, ಅಲ್ಲಿಯವರೆಗೆ ಮೇಲ್ಮಣ್ಣು ಒಣಗಬಾರದು. ಬಿಸಿಲು ಬೇಕೇ ಬೇಕು, ಮರದ ನೆರಳಲ್ಲಿ ಗರಿಕೆ ಸೊರಗುತ್ತದೆ.

ಬೀಜ ಕೊಳ್ಳದೆಯೂ ದಾರಿಯಿದೆ. ನಮ್ಮ ತೋಟಗಾರಿಕೆ ಪಠ್ಯಗಳಲ್ಲೇ ಇರುವ ವಿಧಾನ ಇದು. ಗರಿಕೆ ಬಳ್ಳಿಯನ್ನು ಎರಡು ಮೂರು ಗೆಣ್ಣಿನ ತುಂಡು ಮಾಡಿ, ತೋಟದ ಮಣ್ಣು, ಹಸಿ ಸಗಣಿ, ನೀರಿನ ಜೊತೆ ಕಲಸಿ, ಹದ ಮಾಡಿದ ಒದ್ದೆ ನೆಲದ ಮೇಲೆ ತೆಳುವಾಗಿ ಬಳಿಯುವುದು. ಮುಂಗಾರು ಹಿಡಿದ ಮೇಲೆ ಮಾಡಿದರೆ ನೀರಿನ ಖರ್ಚೂ ಕಡಿಮೆ. ಹುಲ್ಲು ಬಂದ ಮೇಲೆ ಒಮ್ಮೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. ನಡುವೆ ನಾಲ್ಕು ಬೇರೆ ಎಲೆ ಕಂಡರೆ ಔಷಧಿ ಡಬ್ಬಿಗೆ ಕೈ ಹಾಕಬೇಡಿ. ಬೆಳೆ ಹೊಲದ ಬದಿಗೆ ಮಾತ್ರ ಇದನ್ನು ಬಿಡಬೇಡಿ, ಅದರ ಗುಣ ನಿಮಗೇ ಗೊತ್ತು.

ಶಾಲೆ ಮೈದಾನಕ್ಕೋ ಪಂಚಾಯಿತಿ ಅಂಗಳಕ್ಕೋ ಲಾನ್ ಬೇಕೆಂಬ ಮಾತು ಬಂದಾಗ, ಬೀಜದ ಪ್ಯಾಕೆಟ್ಟಿನ ಬೆಲೆ ಕೇಳುವ ಮೊದಲು ಊರಿನ ಬದುಗಳನ್ನೊಮ್ಮೆ ನೋಡಿ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಗ್ರಾಮಸಭೆಯಲ್ಲಿ ಕೇಳಿ: ಊರಿನ ದನ ಮೇಯಲು ಬಿಟ್ಟ ಗೋಮಾಳ ಈಗ ಎಷ್ಟು ಎಕರೆ ಉಳಿದಿದೆ? ಊರಿನ ಎಲ್ಲರಿಗೂ ಸೇರಿದ ಹುಲ್ಲುಹಾಸು ಅದು. ಮಿಲ್ಟನ್ ಅಬ್ಬಾಸಿನ ಜನಕ್ಕೆ ಹೀಗೆ ಕೇಳುವ ಒಂದು ಸಭೆ ಇರಲಿಲ್ಲ, ನಮಗಿದೆ.