ಗರ್ಭಕಂಠದ ಕ್ಯಾನ್ಸರ್ ತಪಾಸಣೆ: ಊರಿನಲ್ಲಿ ಮತ್ತು ಮನೆಯಲ್ಲಿ

ಗರ್ಭಕೋಶದ ಕೆಳತುದಿಯಲ್ಲಿ, ಯೋನಿಗೆ ತೆರೆದುಕೊಳ್ಳುವ ಕಿರಿದಾದ ಭಾಗವೇ ಗರ್ಭಕಂಠ. ಇಲ್ಲಿ ಹುಟ್ಟುವ ಕ್ಯಾನ್ಸರಿಗೆ ಬಹುತೇಕ ಎಲ್ಲ ಪ್ರಕರಣಗಳಲ್ಲೂ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಈ ವೈರಸ್ಸಿನ 16 ಮತ್ತು 18ನೇ ಬಗೆಗಳಿಂದಲೇ ಸುಮಾರು ಶೇ. 70ರಷ್ಟು ಪ್ರಕರಣಗಳು ಬರುತ್ತವೆ. ಸೋಂಕು ಬಹುಪಾಲು ಹೆಂಗಸರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಹೋಗದೆ ಉಳಿದರೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಹಿಡಿಯುತ್ತದೆ. ರೋಗ ಇಷ್ಟು ನಿಧಾನವಾಗಿ ಬೆಳೆಯುವುದರಿಂದಲೇ ತಪಾಸಣೆಯಿಂದ ಪ್ರಯೋಜನವಿದೆ. ಆದರೂ ಭಾರತದಲ್ಲಿ 2022ರಲ್ಲಿ ಅಂದಾಜು 1.27 ಲಕ್ಷ ಹೊಸ ಪ್ರಕರಣಗಳು ಕಂಡುಬಂದವು, ಸುಮಾರು 80 ಸಾವಿರ ಮಂದಿ ತೀರಿಕೊಂಡರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡಿದ್ದವರು ಶೇ. 1.9 ಮಾತ್ರ.

ಊರಿನ ಮಟ್ಟದಲ್ಲಿ ಸಿಗುವ ಪರೀಕ್ಷೆ 'ವಿಐಎ'. 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಇದನ್ನು ಮಾಡಬೇಕೆಂದು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಹೇಳುತ್ತದೆ. ಉಪಕರಣದಿಂದ ಯೋನಿಯನ್ನು ಅಗಲಿಸಿ, ಶೇ. 3–5ರ ಅಸಿಟಿಕ್ ಆಮ್ಲದಲ್ಲಿ, ಅಂದರೆ ಅಡುಗೆಮನೆಯ ವಿನೆಗರ್‌ನಲ್ಲಿರುವ ಆಮ್ಲದಲ್ಲೇ, ಅದ್ದಿದ ಹತ್ತಿಯನ್ನು ಗರ್ಭಕಂಠಕ್ಕೆ ಒತ್ತುತ್ತಾರೆ. ಒಂದು ನಿಮಿಷ ಕಾದು, ದೀಪದ ಬೆಳಕಿನಲ್ಲಿ ಬರಿಗಣ್ಣಿನಿಂದ ನೋಡುತ್ತಾರೆ. ಮಾರ್ಪಟ್ಟ ಜೀವಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ. ಲ್ಯಾಬ್ ಬೇಕಿಲ್ಲ, ಫಲಿತಾಂಶ ಅಲ್ಲೇ ಸಿಗುತ್ತದೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಮುಂಬೈನ ಕೊಳೆಗೇರಿಗಳಲ್ಲಿ ಇದೇ ವಿಧಾನ ಬಳಸಿದ ಟಾಟಾ ಸ್ಮಾರಕ ಆಸ್ಪತ್ರೆಯ ಅಧ್ಯಯನದಲ್ಲಿ ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ತಗ್ಗಿತು. ದೋಷವೂ ಇದೆ: ನೋಡುವವರ ಕಣ್ಣು ಪಳಗಿರಬೇಕು. ಮುಟ್ಟು ನಿಂತವರಲ್ಲಿ ನೋಡಬೇಕಾದ ಭಾಗ ಒಳಗೆ ಸರಿದುಬಿಡುವುದರಿಂದ ಪರೀಕ್ಷೆಯನ್ನು ಅಷ್ಟಾಗಿ ನಂಬುವಂತಿಲ್ಲ.

ಕರ್ನಾಟಕದಲ್ಲಿ ಮೊದಲು ವಿಚಾರಿಸಬೇಕಾದದ್ದು ಆಶಾ ಕಾರ್ಯಕರ್ತೆಯನ್ನು ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು. ಯಾವ ದಿನ ತಪಾಸಣೆ ಇರುತ್ತದೆ, ತರಬೇತಿಯಾದ ಸಿಬ್ಬಂದಿ ಇದ್ದಾರೆಯೇ ಎಂದು ಕೇಳಿಕೊಂಡು ಹೋಗುವುದು ಲೇಸು. ಕೂಲಿ ಬಿಟ್ಟು ಹೋದವರು ಸುಮ್ಮನೆ ವಾಪಸಾದರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಗರ್ಭಕಂಠದ ಜೀವಕೋಶಗಳನ್ನು ಕೆರೆದು ತೆಗೆದು ಲ್ಯಾಬಿನಲ್ಲಿ ನೋಡುವ ಪ್ಯಾಪ್ ಪರೀಕ್ಷೆಗೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ, ಮೆಡಿಕಲ್ ಕಾಲೇಜಿನಲ್ಲಿ, ಬೆಂಗಳೂರಿನವರಾದರೆ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ವಿಚಾರಿಸಬಹುದು.

ಇನ್ನೊಂದು ದಾರಿ ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆ. ಅದರಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದು ಮಾದರಿ ತೆಗೆಯುವ ಕೆಲಸ ಮಾತ್ರ. ಪರೀಕ್ಷೆ ನಡೆಯುವುದು ಲ್ಯಾಬಿನಲ್ಲೇ. ಮೃದುವಾದ ಬ್ರಷ್ ಅಥವಾ ಹತ್ತಿಕಡ್ಡಿಯನ್ನು ಯೋನಿಯೊಳಗೆ ತೂರಿಸಿ, ಕೆಲವು ಸುತ್ತು ತಿರುಗಿಸಿ, ಕೊಟ್ಟ ಕೊಳವೆಗೆ ಹಾಕಿ ಕಳಿಸಬೇಕು. ಗರ್ಭಕಂಠಕ್ಕೇ ತಾಗಬೇಕೆಂದಿಲ್ಲ. ವೈರಸ್ಸಿನ ಡಿಎನ್ಎಯನ್ನು ಪಿಸಿಆರ್ ವಿಧಾನದಲ್ಲಿ ಹುಡುಕಿದರೆ, ಹೀಗೆ ತೆಗೆದ ಮಾದರಿ ವೈದ್ಯರು ತೆಗೆದದ್ದಕ್ಕೆ ಹೆಚ್ಚುಕಡಿಮೆ ಸಮ. ಪ್ಯಾಪ್ ಪರೀಕ್ಷೆಗೆ ಮಾತ್ರ ಇದು ಒದಗದು, ಏಕೆಂದರೆ ಅದಕ್ಕೆ ಗರ್ಭಕಂಠದ ಜೀವಕೋಶಗಳೇ ಬೇಕು. ಆಸ್ಟ್ರೇಲಿಯಾ 2022ರ ಜುಲೈಯಿಂದ ತಪಾಸಣೆಗೆ ಅರ್ಹರಾದ ಎಲ್ಲರಿಗೂ ಸ್ವತಃ ಮಾದರಿ ತೆಗೆಯುವ ಆಯ್ಕೆ ಕೊಟ್ಟಿದೆ. ಅಮೆರಿಕ ಮನೆಯಲ್ಲಿ ಬಳಸುವ ಸಾಧನಕ್ಕೆ ಒಪ್ಪಿಗೆ ಕೊಟ್ಟದ್ದು 2025ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 30 ದಾಟಿದವರಿಗೆ 5–10 ವರ್ಷಕ್ಕೊಮ್ಮೆ, ಎಚ್ಐವಿ ಇರುವವರಿಗೆ 25ರಿಂದಲೇ 3–5 ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆಯನ್ನು ಶಿಫಾರಸು ಮಾಡುತ್ತದೆ. ಈ ಶಿಫಾರಸಿಗೆ ಬಲವಾದ ಆಧಾರ ಒದಗಿಸಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ್) ಜಿಲ್ಲೆ: 1.3 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೇ ಸುತ್ತಿನ ಎಚ್‌ಪಿವಿ ಪರೀಕ್ಷೆ ಈ ಕ್ಯಾನ್ಸರಿನ ಸಾವನ್ನು ಸುಮಾರು ಅರ್ಧಕ್ಕೆ ಇಳಿಸಿತು.

ಮನೆಯಲ್ಲಿ ಮಾದರಿ ತೆಗೆಯುವ ಕಿಟ್ ಕೊಳ್ಳುವವರು ಬೆಲೆಗಿಂತ ಮೊದಲು ಕೇಳಬೇಕಾದ್ದು ಎರಡು: ಅಪಾಯಕಾರಿ ಬಗೆಗಳ ಡಿಎನ್ಎ ಪರೀಕ್ಷೆಯೇ, ಸ್ವತಃ ತೆಗೆದ ಮಾದರಿಗೆ ಅದು ಒಪ್ಪಿತವೇ. ಪಾಸಿಟಿವ್ ಬಂದರೆ ಕ್ಯಾನ್ಸರ್ ಎಂದರ್ಥವಲ್ಲ, ಆದರೆ ವಿಐಎ ಅಥವಾ ಗರ್ಭಕಂಠವನ್ನು ಹಿಗ್ಗಿಸಿ ನೋಡುವ ಕಾಲ್ಪೊಸ್ಕೊಪಿಗೆ ಆಸ್ಪತ್ರೆಗೆ ಹೋಗಲೇಬೇಕು. ಆ ದಾರಿ ಗೊತ್ತಿಲ್ಲದೆ ಕಿಟ್ ತರಿಸಿಕೊಂಡರೆ ಮನೆಗೆ ಬರುವುದು ಗಾಬರಿಯೊಂದೇ. ಮುಟ್ಟು ನಿಂತ ಮೇಲೆ ರಕ್ತ, ಸಂಭೋಗದ ನಂತರ ರಕ್ತ, ವಾಸನೆಯ ಬಿಳಿಸೆರಗು ಇರುವವರು ಕಿಟ್‌ಗೆ ಕಾಯದೆ ನೇರ ವೈದ್ಯರನ್ನು ಕಾಣಬೇಕು. ಎಚ್‌ಪಿವಿ ಲಸಿಕೆ ಹಾಕಿಸಿಕೊಂಡವರಿಗೂ ತಪಾಸಣೆ ತಪ್ಪದು. ಗರ್ಭಕೋಶ ತೆಗೆಸಿಕೊಂಡವರು ಗರ್ಭಕಂಠವನ್ನೂ ತೆಗೆದಿದ್ದಾರೆಯೇ ಎಂಬುದನ್ನು ಆಪರೇಷನ್ನಿನ ಡಿಸ್ಚಾರ್ಜ್ ಚೀಟಿಯಲ್ಲಿ ನೋಡಬೇಕು. ಉಳಿಸಿದ್ದರೆ ಅವರಿಗೂ ಇದೇ ತಪಾಸಣೆ.